ಎಸೆದದ್ದಲ್ಲ, ಇಟ್ಟದ್ದು

ನಮ್ಮೂರಿನ ಹೆಂಗಸರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲು ನೋಡುವುದು ತಮ್ಮ ಹೊಸ್ತಿಲನ್ನು, ಆಮೇಲೆ ಎದುರು ಮನೆಯ ಹೊಸ್ತಿಲನ್ನು. ನೀರು ಚಿಮುಕಿಸುವುದು, ರಂಗೋಲಿ ಎಳೆಯುವುದು ಎಲ್ಲ ಅದಾದ ಮೇಲೆ. ಹಿಂದಿನ ದಿನ ಬೀದಿಯಲ್ಲಿ ಯಾರು ಏನು ಎಸೆದಿದ್ದರೋ ಅದು ಹಾಲಿನವನು ಬರುವಷ್ಟರಲ್ಲಿ ಅವರವರ ಬಾಗಿಲಿಗೆ ಬಂದು ಕೂತಿರುತ್ತದೆ. ಅದನ್ನು ನಾವು ವಾಪಸು ಅನ್ನುತ್ತೇವೆ. ಕಳೆದುಹೋದ ಓಲೆ, ಮರೆತುಬಂದ ಕೊಡೆ ಬರುವುದಿಲ್ಲ. ಬೇಡವೆಂದು ಬಿಟ್ಟದ್ದು ಮಾತ್ರ ಬರುತ್ತದೆ.

ಬರುವುದು ಮನೆಗೆ, ಇಂಥ ಮನುಷ್ಯನಿಗೆ ಎಂದಲ್ಲ. ಕಷ್ಟ ಇರುವುದು ಅಲ್ಲೇ. ಪಕ್ಕದ ಮನೆಯ ಚನ್ನಬಸಪ್ಪ ಹೆಂಡತಿಯ ತಲೆ ಮುಟ್ಟಿ ಗುಟ್ಕಾ ಬಿಟ್ಟಿದ್ದ. ಮೂರನೇ ದಿನ ಹೊಸ್ತಿಲಲ್ಲಿ ಗುಟ್ಕಾ ಚೀಟಿ ಬಿದ್ದಿತ್ತು. ಅವನು ತನ್ನ ತಂದೆಯ ಕಡೆ ಕೈ ತೋರಿಸಿದ. ಎಂಬತ್ತು ದಾಟಿದ ಆ ಮುದುಕರು ಸೊಸೆಯ ಮುಂದೆ ಬಾಯಿ ತೆರೆದು, ಹಲ್ಲೇ ಇಲ್ಲವೆಂದು ತೋರಿಸಬೇಕಾಯಿತು. ಹೆಣ್ಣು ನೋಡುವವರು ಜಾತಕ ಕೇಳುವ ಮೊದಲು ಒಂದು ಮುಂಜಾನೆ ಹೇಳದೆ ಕೇಳದೆ ಬೀದಿಯಲ್ಲಿ ಹಾದುಹೋಗುತ್ತಾರೆ. ನನಗಾಗಿ ಹಾಗೆ ಹಾದುಹೋದವರಿಗೆ ನಮ್ಮ ಹೊಸ್ತಿಲಲ್ಲಿ ಒಂದು ಬಸ್ ಟಿಕೆಟ್ಟು ಕಂಡಿತು. ಅತಿಥಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಕೊಟ್ಟು ಬರುವಾಗ ನಾನೇ ಬಸ್ಸಿಳಿದು ಬಿಸಾಕಿದ್ದು. ‘ಹುಡುಗಿ ಒಬ್ಬಳೇ ಎಲ್ಲಿಗೆ ಹೋಗಿದ್ದಳು’ ಎಂಬ ಪ್ರಶ್ನೆಗೆ ಅಮ್ಮ ಸರಿಯಾದ ಉತ್ತರವನ್ನೇ ಕೊಟ್ಟಳು. ಸರಿಯಾದ ಉತ್ತರವನ್ನು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಅವರು ಮತ್ತೆ ಬರಲಿಲ್ಲ. ಕೆಲಸ ಸಿಕ್ಕಿತು.

ಹೀಗೆ ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸತೊಡಗಿದೆ. ಕಲಿಸುತ್ತೇನೆ ಎಂದರೆ ಕಪ್ಪು ಹಲಗೆಯ ಕಡೆ ಮುಖ ಮಾಡಿ ನಿಂತಿರುತ್ತೇನೆ. ಮಾತು ನನಗೆ ಗಂಟಲಿನವರೆಗೆ ಬಂದು ನಿಲ್ಲುತ್ತದೆ. ನಿಂತದ್ದನ್ನೆಲ್ಲ ಮನೆಗೆ ಬಂದು ನೇರಳೆ ಶಾಯಿಯಲ್ಲಿ ಡೈರಿಗೆ ಇಳಿಸುತ್ತೇನೆ. ‘ಬಾಯಲ್ಲಿ ಆಡಿದ್ರೆ ಒಂದು ಮದ್ವೆನಾದ್ರೂ ಆಗ್ತಿತ್ತು’ ಎಂದು ಅಮ್ಮ ಅನ್ನುತ್ತಾಳೆ.

ಆ ವರ್ಷ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: ಕಸವಿಲ್ಲದ ಶಾಲೆಗೆ ಫಲಕ ಕೊಡುತ್ತಾರೆ, ಮಕ್ಕಳನ್ನು ಪ್ರೋತ್ಸಾಹಿಸಿ. ಹೆಡ್‌ಮಾಸ್ಟರ್ ವೃಷಭೇಂದ್ರಪ್ಪನವರು ನನ್ನನ್ನು ಕರೆದರು. ಕೂರುವ ಮೊದಲು ತಮ್ಮ ಕುರ್ಚಿಯನ್ನೇ ಕರವಸ್ತ್ರದಿಂದ ಒರೆಸಿ, ಒರೆಸಿದ ಕರವಸ್ತ್ರವನ್ನು ಬಿಡಿಸಿ ನೋಡುವ ಮನುಷ್ಯ ಅವರು.

“ನೋಡಿ ವಾರಿಜಾ ಮೇಡಂ, ಮಕ್ಳಿಗೆ ಬುದ್ಧಿ ಹೇಳಿದ್ರೆ ನಾಟಲ್ಲ. ನಾಚ್ಕೆ ಆಗ್ಬೇಕು. ನಾಚ್ಕೆ ಆದ್ರೆ ಕಸ ತಾನೇ ನಿಲ್ಲುತ್ತೆ.”

“ಸರ್, ಗೇಟಿನ ಹತ್ರ ಒಂದು ಡ್ರಮ್ಮು...”

“ಡ್ರಮ್ಮಾ? ನಮ್ಮೂರಲ್ಲಿ ಕಸದ ಡ್ರಮ್ಮು ಇಟ್ರೆ ನೋಡ್ದೋರು ಏನಂತಾರೆ? ಅವ್ರವ್ರ ಮನೆ ಹಿತ್ತಲಲ್ಲಿ ಗುಂಡಿ ಇಲ್ವಾ?”

ಡ್ರಮ್ಮಿನ ಮಾತು ಗಂಟಲಿಗೆ ವಾಪಸು ಹೋಯಿತು. ಬದಲಿಗೆ ಹೊಸ್ತಿಲ ಪಡೆ ಹುಟ್ಟಿತು. ಒಂಬತ್ತನೇ ತರಗತಿಯ ಐದು ಮಕ್ಕಳು, ಅವರಿಗೊಂದು ನೀಲಿ ಪುಸ್ತಕ. ದಿನಾ ಮುಂಜಾನೆ ಬೀದಿ ಸುತ್ತಿ, ಯಾವ ವಿದ್ಯಾರ್ಥಿಯ ಹೊಸ್ತಿಲಲ್ಲಿ ಏನಿದೆ ಎಂದು ಬರೆಯಬೇಕು. ಪ್ರಾರ್ಥನೆಯಲ್ಲಿ ಅದನ್ನು ಓದಬೇಕು. ಕೆಳಗೆ ನನ್ನ ಸಹಿ. ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುವ ಸ್ಫೂರ್ತಿ ಎಂಬ ಹುಡುಗಿ ಪಡೆಯ ನಾಯಕಿ. ವಾರ್ತೆ ಓದುವವರ ಹಾಗೆ ಅವಳು ಸ್ಪಷ್ಟವಾಗಿ ಓದುತ್ತಿದ್ದಳು.

ಒಂದೇ ವಾರದಲ್ಲಿ ಶಾಲೆಯ ಅಂಗಳ ಕನ್ನಡಿಯಂತಾಯಿತು. ಮಕ್ಕಳು ಚೀಟಿಗಳನ್ನು ಎಸೆಯದೆ ಜೇಬಿನಲ್ಲಿ ತುಂಬಿಕೊಂಡರು, ಜೇಬಿಗೆ ಇರುವೆ ಹತ್ತಿ ಪಾಠದ ನಡುವೆ ಕುಣಿದರು. ಬಿಡುವಿನಲ್ಲಿ ಕಡಲೆಮಿಠಾಯಿ ಹಂಚಿಕೊಳ್ಳುವುದು ನಿಂತಿತು, ಕೊಟ್ಟವರ ಚೀಟಿಯೋ ತಿಂದವರ ಚೀಟಿಯೋ ಎಂಬ ಜಗಳಕ್ಕೆ ಹೆದರಿ. ಪಡೆ ಬರುವ ಮೊದಲೇ ಗುಡಿಸಿಬಿಡೋಣವೆಂದು ತಾಯಂದಿರು ಬೇಗ ಎದ್ದರು. ಪಡೆ ಇನ್ನೂ ಬೇಗ ಬಂತು. ಯಾರ ಬಾಗಿಲು ತೀರಾ ಶುಭ್ರವಾಗಿದೆಯೋ ಅವರ ಮೇಲೆ ಅನುಮಾನ ಹೆಚ್ಚಾಯಿತು. ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಮಕ್ಕಳು ಕಣ್ಣು ಮುಚ್ಚುವುದನ್ನು ಬಿಟ್ಟರು. ಹೆಡ್‌ಮಾಸ್ಟರಿಗೆ ಭಾರಿ ಸಂತೋಷ. ‘ನೋಡಿ ಮೇಡಂ, ಪ್ರೋತ್ಸಾಹ ಅಂದ್ರೆ ಇದು’ ಅಂದರು.

ಆಮೇಲೆ ಕಮಲಾಕ್ಷಿಯ ಹೆಸರು ಬರತೊಡಗಿತು.

ಕಮಲಾಕ್ಷಿಯೂ ಒಂಬತ್ತನೆಯವಳೇ. ಕಿಟಕಿ ಪಕ್ಕದ ಬೆಂಚು, ಕೇಳಿದ್ದಕ್ಕಷ್ಟೇ ಉತ್ತರ. ಅವಳ ತಾಯಿ ಸಣ್ಣಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಮೊದಲ ದಿನ ಅವರ ಹೊಸ್ತಿಲಲ್ಲಿ ಚಿಪ್ಸ್ ಚೀಟಿ ಎರಡು. ಮರುದಿನ ಐದು. ಹತ್ತು ದಿನ ಕಳೆಯುವುದರೊಳಗೆ ಸ್ಫೂರ್ತಿ ಉಸಿರು ತೆಗೆದುಕೊಂಡು ಓದಬೇಕಾಯಿತು: ಬಿಸ್ಕತ್ತು ಚೀಟಿ ಒಂಬತ್ತು, ನೀರಿನ ಬಾಟಲಿ ಆರು, ಜ್ಯೂಸಿನ ಡಬ್ಬಿ ನಾಲ್ಕು, ಹುಳಿಗೋಲಿ ಮಿಠಾಯಿಯ ಚೀಟಿ ಹನ್ನೆರಡು. ನಗು ಎದ್ದಿತು. ನಗುವವರ ನಡುವೆ ಕಮಲಾಕ್ಷಿ ತನ್ನ ಚಪ್ಪಲಿಯ ತುದಿ ನೋಡುತ್ತಾ ನಿಂತಿದ್ದಳು.

ಆ ಬಿಸ್ಕತ್ತುಗಳಲ್ಲಿ ಕೆಲವನ್ನು ನಮ್ಮೂರಿನ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ನನಗದು ಗೊತ್ತಾಯಿತು. ಗೊತ್ತಾದದ್ದು ನನ್ನನ್ನು ಸರಿಯಾದ ಕಡೆಗೆ ಒಯ್ಯಲಿಲ್ಲ. ಅನುಮಾನ ಒಮ್ಮೆ ಒಳಗೆ ಬಂದು ಕೂತರೆ ಎಲ್ಲ ಪುರಾವೆಯನ್ನೂ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಇಷ್ಟು ತಿಂಡಿ ಆ ಮನೆಗೆ ಎಲ್ಲಿಂದ ಬರುತ್ತದೆ? ಸ್ಟಾಫ್ ರೂಮಿನಲ್ಲಿ ಯಾರೋ ಅಂದರು, ಶಾಲೆಯ ಎಣ್ಣೆ ಬೇಳೆ ಪಕ್ಕದೂರಿಗೆ ಹೋಗಿ ಬಿಸ್ಕತ್ತಾಗಿ ಬರುತ್ತಿರಬೇಕು. ತಮಾಷೆಗೆ ಅಂದದ್ದು. ಮಧ್ಯಾಹ್ನದ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಸಂಜೆಯೊಳಗೆ ನಾಲ್ಕು ಮನೆಯವರು ಬಂದು, ‘ನಮ್ಮ ಮಗು ಇನ್ನು ಮನೆಯಿಂದ್ಲೇ ಡಬ್ಬಿ ತರುತ್ತೆ, ಆ ಕೈಯ ಅನ್ನ ಬೇಡ’ ಎಂದು ಹೇಳಿ ಹೋದರು. ಶನಿವಾರ ಶಾಲಾ ಸಮಿತಿ ಸೇರಿ ಸಣ್ಣಮ್ಮನನ್ನು ಕೆಲಸದಿಂದ ತೆಗೆಯುವುದೆಂದು ನಿಶ್ಚಯವಾಯಿತು. ನೀಲಿ ಪುಸ್ತಕವೇ ಸಾಕ್ಷಿ. ‘ಮಗಳ ಬಾಯಿಂದ ಒಂದು ಮಾತು ಹೊರಡಿಸಿ, ಸಹಿ ಹಾಕಿ ಕೊಡಿ ಮೇಡಂ’ ಎಂದರು ಹೆಡ್‌ಮಾಸ್ಟರು.

ಬುಧವಾರ ಕಮಲಾಕ್ಷಿಯನ್ನು ಸ್ಟಾಫ್ ರೂಮಿನ ಹೊರಗೆ ಕರೆದೆ. ಅವಳೂ ನೆಲ ನೋಡುತ್ತಿದ್ದಳು, ನಾನೂ ನೆಲ ನೋಡುತ್ತಿದ್ದೆ.

“ನಿಮ್ಮನೆ ಮುಂದೆ ಬರೋದೆಲ್ಲ ಯಾರದ್ದು?”

“ನಂದಲ್ಲ ಮಿಸ್.”

“ನಿಮ್ಮಮ್ಮಂದಾ?”

“ಅಮ್ಮಂದೂ ಅಲ್ಲ. ಅಮ್ಮಂಗೆ ಗೊತ್ತೇ ಇಲ್ಲ.”

“ಮತ್ತೆ ತಾನಾಗಿ ಬಂತಾ? ಎಸೀದೆ ವಾಪಸು ಬರುತ್ತಾ?”

“ಎಸ್ದಿದ್ದಲ್ಲ ಮಿಸ್. ಇಟ್ಟಿದ್ದು.”

ಕನ್ನಡ ಎಂ.ಎ. ಮಾಡಿದವಳು ನಾನು. ಒಂದು ಕ್ರಿಯಾಪದಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕೆಲಸ. ಆ ಹೊತ್ತು ನನಗೆ ಕೇಳಿಸಿದ್ದು ಮಾತು ಮಾತ್ರ, ಮಾತಿನ ಜಾಣತನ ಮಾತ್ರ. ಹುಡುಗಿ ನನ್ನೊಂದಿಗೆ ಪದಗಳ ಆಟ ಆಡುತ್ತಿದ್ದಾಳೆ ಅನ್ನಿಸಿತು. ‘ಒಪ್ಪಿಕೊಂಡಿದ್ದಾಳೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಗುರುವಾರ ಬೆಳಿಗ್ಗೆ ಡೈರಿಯಲ್ಲಿ ಅದನ್ನೇ ಇನ್ನಷ್ಟು ಬರೆದೆ. ಬರೆದು ಓದಿಕೊಂಡಾಗ ನನಗೇ ಹೇಸಿಗೆಯಾಯಿತು. ಹಾಳೆ ಹರಿದು, ಉಂಡೆ ಮಾಡಿ, ಮುಷ್ಟಿಯಲ್ಲಿ ಹಿಡಿದುಕೊಂಡೇ ಶಾಲೆಗೆ ಹೊರಟೆ. ಶಾಲೆಯ ಮುಂದಿನ ಬಸ್ ಸ್ಟಾಪಿನ ಹತ್ತಿರ ಪಡೆಯ ಮಕ್ಕಳು ಎದುರಾದರು. “ಗುಡ್ ಮಾರ್ನಿಂಗ್ ಮಿಸ್” ಎಂದ ಐವರ ನಾಲಿಗೆಯೂ ಕೆಂಪಗಿತ್ತು, ಹುಳಿಗೋಲಿ ತಿಂದ ಕೆಂಪು. ಅವರ ಕಣ್ಣು ನನ್ನ ಮುಷ್ಟಿಯ ಮೇಲೆ ಬಿತ್ತು. ಅವರು ಮುಂದೆ ಹೋದ ಮೇಲೆ ಹಾಳೆಯನ್ನು ಮೋರಿಯ ಬದಿಗೆ ಬಿಟ್ಟುಬಿಟ್ಟೆ. ನಾಳೆ ಬೆಳಿಗ್ಗೆ ಹೇಗೂ ಹೊಸ್ತಿಲಿಗೆ ಬರುತ್ತದೆ, ಅಮ್ಮ ಏಳುವ ಮೊದಲು ಎತ್ತಿಟ್ಟುಕೊಂಡರಾಯಿತು. ನಮ್ಮೂರಲ್ಲಿ ಗುಟ್ಟಿರುವವರೆಲ್ಲ ಮಾಡುವುದು ಅದನ್ನೇ.

ಶುಕ್ರವಾರ ಮಬ್ಬುಬೆಳಕಿನಲ್ಲಿ ಬಾಗಿಲು ತೆರೆದೆ. ಹೊಸ್ತಿಲು ಖಾಲಿ.

ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಮೆಟ್ಟಿಲ ಕೆಳಗೆ, ತುಳಸಿಕಟ್ಟೆಯ ಹಿಂದೆ, ಚಪ್ಪಲಿಗಳ ಒಳಗೆ, ಎಲ್ಲ ಕಡೆ ನೋಡಿದೆ. ಒಳಗೆ ಬಂದು ಅಮ್ಮನನ್ನು ಎಬ್ಬಿಸಿದೆ.

“ನೀನೇನಾದ್ರೂ ತಗೊಂಡ್ಯಾ?”

“ಏನನ್ನ?”

“ಹಾಳೆ.”

“ಯಾವ ಹಾಳೆನೇ? ನಾನಿನ್ನೂ ಹಾಸ್ಗೆ ಬಿಟ್ಟಿಲ್ಲ!” ಅಮ್ಮ ಎದ್ದು ಕೂತಳು. ಅವಳ ಕಣ್ಣು ಕಿರಿದಾಯಿತು. “ಯಾರಾದ್ರೂ ಕಾಗ್ದ ಬರೀತಾರಾ ನಿಂಗೆ? ನಿಜ ಹೇಳು ವಾರಿಜಾ. ಯಾರವನು?”

ನಾನು ಅವಳನ್ನು ನಂಬಲಿಲ್ಲ, ಅವಳು ನನ್ನನ್ನು ನಂಬಲಿಲ್ಲ. ಕಾಫಿ ಕುಡಿಯುವಾಗ ಇಬ್ಬರೂ ಲೋಟದ ಅಂಚಿನ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಪ್ರಾರ್ಥನೆಯಲ್ಲಿ ಸ್ಫೂರ್ತಿ ಎಂದಿನಂತೆ ಓದಿದಳು. “ಕಮಲಾಕ್ಷಿ ಮನೆ. ಚಿಪ್ಸ್ ಚೀಟಿ ಎಂಟು. ಹುಳಿಗೋಲಿ ಚೀಟಿ ಹದಿನಾಲ್ಕು. ಬಾಟಲಿ ಮೂರು. ಬರೆದ ಹಾಳೆ ಒಂದು, ನೇರಳೆ ಶಾಯಿ.”

ಶಾಲೆಯಲ್ಲಿ ನೇರಳೆ ಶಾಯಿಯಲ್ಲಿ ಬರೆಯುವವಳು ನಾನೊಬ್ಬಳೇ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಬೇಕೆಂದೇ ಇರಬಹುದೇ ಎಂಬ ಅನುಮಾನದಲ್ಲಿ ನನ್ನ ಕಿವಿ ಬಿಸಿಯಾಯಿತು.

ಮೊದಲ ಪೀರಿಯಡ್ ಬಿಟ್ಟು ಅಡುಗೆಮನೆಯ ಹಿಂದಕ್ಕೆ ಹೋದೆ. ಕಮಲಾಕ್ಷಿ ತೊಟ್ಟಿಯ ಹತ್ತಿರ ತಾಯಿಗೆ ಸೊಪ್ಪು ತೊಳೆದು ಕೊಡುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು, ಲಂಗದ ಜೇಬಿನಿಂದ ಹಾಳೆ ತೆಗೆದಳು. ಉಂಡೆಯಾಗಿದ್ದುದನ್ನು ಬಿಡಿಸಿ, ನೀಟಾಗಿ ನಾಲ್ಕು ಮಡಿಕೆ ಮಾಡಿದ್ದಳು.

“ನಿಮ್ದು ಮಿಸ್. ನಿನ್ನೆ ಮೋರಿ ಹತ್ರ ಬಿದ್ದಿತ್ತು. ಮಿಕ್ಕಿದ್ರ ಜೊತೆ ಎತ್ತಿ ಕಾಂಪೌಂಡ್ ಗೋಡೆ ಪಕ್ಕ ಇಟ್ಟೆ. ಇವತ್ತು ನಮ್ಮನೆಗೆ ಬಂತು.”

“ನಾನು ಎಸೆದದ್ದು ನಿಮ್ಮನೆಗಾ?”

“ಯಾರು ಎಸೆದ್ರೂ ಅಷ್ಟೇ ಮಿಸ್. ಕೊನೇಲಿ ಯಾರು ಮುಟ್ಟಿ ಇಟ್ರೋ ಅವ್ರ ಮನೆಗೆ ಹೋಗುತ್ತೆ.”

ಹೀಗೊಂದು ಸಂಗತಿ ಇದೆಯೆಂದು ನಮ್ಮೂರಿನ ದೊಡ್ಡವರಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ತಾನಾಗಿ ಹೋಗುವ ಕಸವನ್ನು ಇನ್ನೊಬ್ಬರು ಎತ್ತುವ ಪದ್ಧತಿಯೇ ನಮ್ಮಲ್ಲಿಲ್ಲ.

“ನೀನ್ಯಾಕೆ ಎತ್ತಕ್ಕೆ ಹೋದೆ?”

ಅವಳು ಅಡುಗೆಮನೆಯ ಗೋಡೆ ತೋರಿಸಿದಳು. ಮೊಣಕಾಲಿನೆತ್ತರಕ್ಕೆ ನೀರು ನಿಂತ ಕಲೆ ಇತ್ತು. “ಬಸ್ಸಲ್ಲಿ ಹೋಗೋರು ಎಸೀತಾರಲ್ಲ ಮಿಸ್, ಅವ್ರಿಗೆ ಈ ಊರಲ್ಲಿ ಬಾಗ್ಲಿಲ್ಲ. ಅದು ಪಾಪ ಎಲ್ಲಿಗೆ ಹೋಗುತ್ತೆ? ಮೋರಿಗೆ ಹೋಗಿ ಕಟ್ಕೊಳುತ್ತೆ. ಮಳೆ ಬಂದ್ರೆ ನೀರೆಲ್ಲ ಇಲ್ಲಿಗೆ. ಅಮ್ಮ ನೀರಲ್ಲಿ ನಿಂತು ಅನ್ನ ಬಸೀತಾಳೆ. ಅದಕ್ಕೆ ಎತ್ತಿ ಗೋಡೆ ಪಕ್ಕ ಇಟ್ಬಿಡ್ತೀನಿ. ಹೊತ್ಕೊಂಡು ಹೋಗೋ ತಾಪತ್ರಯ ಇಲ್ಲ, ಬೆಳಿಗ್ಗೆ ಅದೇ ಮನೆಗೆ ಬರುತ್ತೆ. ಹಿತ್ತಲ ಗುಂಡಿಗೆ ಹಾಕ್ತೀನಿ.” ಮತ್ತೆ ಅಂದಳು, “ಈಗ ಕೆಲವ್ರು ನಾನು ಎತ್ತೋ ಜಾಗಕ್ಕೇ ತಂದು ಎಸೀತಾರೆ. ಅವ್ರ ಮನೆಗೆ ಬರಲ್ಲ ಅಂತ ಗೊತ್ತಾಗ್ಬಿಟ್ಟಿದೆ.”

ಐದು ಕೆಂಪು ನಾಲಿಗೆಗಳು ನೆನಪಾದವು.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ ಮಿಸ್. ಇಟ್ಟಿದ್ದು ಅಂತ.”

ಹಾಳೆಯನ್ನು ಕೈಗೆ ತೆಗೆದುಕೊಂಡೆ. “ಇದನ್ನ ಓದಿದ್ಯಾ?”

“ಅರ್ಧ,” ಅಂದಳು. ಸೊಪ್ಪಿನ ಕಡೆ ತಿರುಗಿದಳು.

ಶನಿವಾರ ಸಮಿತಿ ಸೇರಿತು. ಏಳು ಜನ, ಅವರ ಮುಂದೆ ನೀಲಿ ಪುಸ್ತಕ. ಪಡೆಯ ಪರವಾಗಿ ಸ್ಫೂರ್ತಿ. ಬಾಗಿಲ ಹತ್ತಿರ ಸಣ್ಣಮ್ಮ, ಅವಳ ಹಿಂದೆ ಕಮಲಾಕ್ಷಿ. “ಅಕ್ಕಿ ಬೇಳೆ ಎಲ್ಲ ತೂಕ ಹಾಕ್ಕೊಳಿ ಸಾರ್,” ಎಂದಳು ಸಣ್ಣಮ್ಮ. “ಒಲೆ ಮುಂದೆ ಸುಟ್ಟ ಕೈ ಇದು, ಕದ್ದ ಕೈ ಅಲ್ಲ.” ಹೆಡ್‌ಮಾಸ್ಟರು ಪುಸ್ತಕ ತೆರೆದು ಕೊನೆಯ ಪುಟಕ್ಕೆ ಬಂದರು. “ಮಗಳೇ ಒಪ್ಪಿಕೊಂಡಿದ್ದಾಳೆ. ವಾರಿಜಾ ಮೇಡಂ ಸಹಿ ಇದೆ. ಅಲ್ವಾ ಮೇಡಂ?”

ಇಷ್ಟು ದಿನ ಅಂಥ ಪ್ರಶ್ನೆಗಳಿಗೆ ತಲೆಯಾಡಿಸಿದರೆ ಸಾಕಾಗುತ್ತಿತ್ತು. ಎದ್ದು ನಿಂತೆ. ಹುಡುಗಿ ಎಸೆಯಲಿಲ್ಲ ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದು ಆ ಹಾಳೆಯೊಂದೇ. ನಾನೇ ಎಸೆದದ್ದು, ಅವರ ಮನೆಗೆ ಹೋದದ್ದು. ಅದರಲ್ಲಿ ಏನು ಬರೆದಿದೆ ಎಂದು ಅವರು ಕೇಳದೆ ಬಿಡುವುದಿಲ್ಲ. ಕೇಳುವ ಮೊದಲೇ ಓದಿಬಿಟ್ಟೆ. ಮೊದಲ ಸಾಲಿಗೆ ಧ್ವನಿ ಹೊರಡಲಿಲ್ಲ. ‘ಸ್ವಲ್ಪ ಗಟ್ಟಿಯಾಗಿ’ ಎಂದು ಯಾರೋ ಅಂದರು. ಮತ್ತೆ ಮೊದಲಿನಿಂದ ಓದಿದೆ.

“ಸಣ್ಣಮ್ಮ ಬಡಿಸುವಾಗ ಮುಖ ಎತ್ತುವುದಿಲ್ಲ. ತಪ್ಪು ಮಾಡಿದವರೇ ಹಾಗೆ ಮುಖ ತಗ್ಗಿಸಿರುತ್ತಾರೆ. ಮಗಳೂ ಅವಳ ಹಾಗೆಯೇ. ತಿಂದದ್ದು ಇವರ ಮುಖದಲ್ಲಿ ಕಾಣುವುದಿಲ್ಲ, ಹೊಸ್ತಿಲಲ್ಲಿ ಕಾಣುತ್ತದೆ. ಅಡುಗೆಮನೆಯ ಡಬ್ಬಗಳನ್ನು ಯಾರಾದರೂ ಒಮ್ಮೆ ತೆಗೆದು ನೋಡಬೇಕು. ನಾನು ಹೇಳುವುದಿಲ್ಲ. ಯಾರಾದರೂ ಹೇಳಲಿ.”

ಓದುವಷ್ಟು ಹೊತ್ತೂ ನಾನೇ ಮುಖ ಎತ್ತಿರಲಿಲ್ಲ. ಎತ್ತಿದಾಗ ಸಣ್ಣಮ್ಮ ನನ್ನನ್ನೇ ನೋಡುತ್ತಿದ್ದಳು.

“ನೀವೂನಾ ತಾಯಿ?” ಎಂದಳು. ಅಷ್ಟೇ.

ಹೆಡ್‌ಮಾಸ್ಟರು ಕರವಸ್ತ್ರ ತೆಗೆದರು. “ಇದ್ರಿಂದ ಏನು ಸಾಬೀತಾಯ್ತು? ಹುಡುಗಿ ನಿಮ್ಮ ಬ್ಯಾಗಿಂದ ಹಾಳೆ ಕದ್ದಿರಬಹುದು. ನೀವು ಅವಳನ್ನ ಉಳಿಸಕ್ಕೆ ಈಗ ಕತೆ ಕಟ್ತಿರಬಹುದು.”

“ಹೌದು ಸರ್, ಇರಬಹುದು,” ಅಂದೆ. ನನ್ನ ಧ್ವನಿ ಇಷ್ಟು ಗಟ್ಟಿಯಾಗಿದೆ ಎಂದು ನನಗೂ ಗೊತ್ತಿರಲಿಲ್ಲ. “ನನ್ನನ್ನೂ ನಂಬಬೇಡಿ. ಎಲ್ರೂ ಮೋರಿ ಹತ್ರ ಬನ್ನಿ.”

ಬಂದರು. ನಮ್ಮೂರಿನವರು ಯಾವುದಕ್ಕೆ ಬರದಿದ್ದರೂ ಅನುಮಾನ ತೀರಿಸಿಕೊಳ್ಳಲು ಬರುತ್ತಾರೆ. ಗೇಟಿನ ಹೊರಗೆ ಸೀರೆಯ ಸೆರಗು ಸಿಕ್ಕಿಸಿ ಮೋರಿಯ ಬದಿಯಲ್ಲಿ ಕೂತೆ. ಕಮಲಾಕ್ಷಿ ಮುಂದೆ ಬಂದಳು. “ನೀನು ಮುಟ್ಟಬೇಡ,” ಅಂದೆ. ಒಂದೊಂದಾಗಿ ಎತ್ತಿ, ಗಟ್ಟಿಯಾಗಿ ಹೆಸರು ಹೇಳಿ ಗೋಡೆ ಪಕ್ಕ ಇಟ್ಟೆ. ಬಾಟಲಿ. ಬಿಸ್ಕತ್ತು ಚೀಟಿ. ಇನ್ಯಾರದೋ ಊರಿನ ಸಿಹಿ ಅಂಗಡಿಯ ಡಬ್ಬಿ. ಹುಳಿಗೋಲಿ ಚೀಟಿ, ಮತ್ತೊಂದು, ಮತ್ತೊಂದು. ಎಲ್ಲ ಸೇರಿ ಹದಿನೇಳು. ನೀಲಿ ಪುಸ್ತಕ ಹಿಡಿದ ಸ್ಫೂರ್ತಿ ತುಟಿ ಬಿಗಿದುಕೊಂಡು ನಿಂತಿದ್ದಳು.

ಭಾನುವಾರ ಹಾಲಿನವನಿಗಿಂತ ಮೊದಲು ನಮ್ಮ ಬೀದಿ ತುಂಬಿತ್ತು. ಸಮಿತಿಯವರು, ಪಡೆ, ಚನ್ನಬಸಪ್ಪ ಮತ್ತು ಹಲ್ಲಿಲ್ಲದ ಅವನ ತಂದೆ, ಡಬ್ಬಿ ಕಟ್ಟುತ್ತೇವೆ ಎಂದಿದ್ದ ನಾಲ್ಕು ಮನೆಯ ತಾಯಂದಿರು. ಅಮ್ಮ ಬಾಗಿಲು ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಅಯ್ಯೋ! ಇದೇನೇ ಇದು, ಸಂತೆ ಮುಗ್ದಂಗಿದೆ!”

ಹದಿನೇಳೂ ಇದ್ದವು. ಸಿಹಿ ಅಂಗಡಿಯ ಡಬ್ಬಿ ಮೇಲ್ಗಡೆಯೇ ಕೂತಿತ್ತು. ಹಲ್ಲಿಲ್ಲದ ಮುದುಕರು ಎಲ್ಲರಿಗಿಂತ ಮೊದಲು ನಕ್ಕರು. ಹೆಡ್‌ಮಾಸ್ಟರು ಬಗ್ಗಿ ಒಂದೊಂದನ್ನೂ ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಯಾವುದನ್ನೂ ಮುಟ್ಟದಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಸಣ್ಣಮ್ಮನನ್ನು ತೆಗೆಯುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಆ ತಾಯಂದಿರಲ್ಲಿ ಒಬ್ಬಾಕೆ ಮಾತ್ರ ತನ್ನ ಪಕ್ಕದವಳಿಗೆ ಅಂದದ್ದು ನನಗೆ ಕೇಳಿಸಿತು: “ಹಂಗಾದ್ರೆ ಇಷ್ಟು ದಿನ ನಮ್ಮನೆಗೆ ಬಂದಿದ್ದು ನಾವು ಎಸ್ದಿದ್ದಲ್ಲ ಅಂತ ಹೇಳ್ಬಹುದಿತ್ತು, ಅಲ್ವಾ?” ಪಕ್ಕದವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಬರಿಯಮ್ಮ,” ಎಂದರು ಹೆಡ್‌ಮಾಸ್ಟರು. “ನಿಯಮ ಅಂದ್ರೆ ನಿಯಮ. ಮೇಡಂ ಹೆಸರೂ ಬರಿ.”

ಸ್ಫೂರ್ತಿ ಪುಸ್ತಕ ತೆರೆದಳು. ಬಾಟಲಿ ಬರೆದಳು, ಬಿಸ್ಕತ್ತು ಬರೆದಳು. ಹುಳಿಗೋಲಿ ಚೀಟಿಯ ಹತ್ತಿರ ಪೆನ್ನು ನಿಂತಿತು. ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ, ಈ ಸಲ ಗಂಟಲಲ್ಲಿ ಮಾತು ನಿಂತದ್ದರಿಂದಲ್ಲ. ಅವಳು ಪುಸ್ತಕವನ್ನು ಕಮಲಾಕ್ಷಿಯ ಕೈಗೆ ಕೊಟ್ಟು, ಕೆಳಗೆ ಕೂತು, ತನ್ನ ಚೀಟಿಗಳನ್ನು ಆರಿಸಿಕೊಂಡು ಜೇಬಿಗೆ ಹಾಕಿಕೊಂಡಳು. ಪಡೆಯ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಕೂತರು.

ಈಗ ಗೇಟಿನ ಹತ್ತಿರ ಎರಡು ಡ್ರಮ್ಮುಗಳಿವೆ. ಬಸ್ ಸ್ಟಾಪಿನಲ್ಲಿ ಒಂದಿದೆ. ಡ್ರಮ್ಮಿಗೆ ಹಾಕಿದ್ದು ವಾಪಸು ಬರುವುದಿಲ್ಲ ಎಂದು ಊರಿಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು, ಅಷ್ಟೂ ದಿನ ಜನ ಡ್ರಮ್ಮನ್ನೂ ಅನುಮಾನದಿಂದ ನೋಡಿದರು. ಮೋರಿಯಲ್ಲಿ ನೀರು ಹರಿಯುತ್ತದೆ. ಸಣ್ಣಮ್ಮ ನನ್ನ ತಟ್ಟೆಗೆ ಬಡಿಸುವಾಗ ಈಗ ಮುಖ ಎತ್ತುತ್ತಾಳೆ. ಅದನ್ನು ಎದುರಿಸುವುದು ಮೊದಲಿಗಿಂತ ಕಷ್ಟ. ಅನುಮಾನ ನಮ್ಮೂರು ಬಿಟ್ಟು ಹೋಗಿಲ್ಲ. ಯಾರ ಹೊಸ್ತಿಲಲ್ಲಿ ಏನೇ ಕಂಡರೂ ಇವರು ಎಸೆದವರೋ ಎತ್ತಿದವರೋ ಎಂದು ತಿಳಿಯದೆ ಜನ ನಿಂತು ನೋಡುತ್ತಾರೆ. ಬಯ್ಯಲು ಬಾಯಿ ತೆರೆದವರು ಒಂದು ಕ್ಷಣ ತಡೆಯುತ್ತಾರೆ. ಆ ಒಂದು ಕ್ಷಣ ಮೊದಲು ಇರಲಿಲ್ಲ.

ನೀಲಿ ಪುಸ್ತಕವನ್ನು ಈಗ ಬರೆಯುವವಳು ಕಮಲಾಕ್ಷಿ. ಅವಳದು ದುಂಡು ಅಕ್ಷರ. ಪುಟವನ್ನು ಎರಡು ಅಂಕಣ ಮಾಡಿ ಒಂದೊಂದಕ್ಕೂ ಹೆಸರು ಬರೆದಿದ್ದಾಳೆ, ಯಾವ ಕಸ ಯಾವ ಅಂಕಣಕ್ಕೆಂದು ಮನೆಯವರನ್ನೇ ಕೇಳಿ ತುಂಬುತ್ತಾಳೆ. ಡ್ರಮ್ಮಿಲ್ಲದ ಕಡೆ ಬಿದ್ದದ್ದನ್ನು ಈಗ ನಾನೂ ಎತ್ತಿಡುತ್ತೇನೆ. ಅವಳು ಕೇಳಿದಾಗ ನಾನೂ ನಿಜ ಹೇಳಿದೆ. ಮೊನ್ನೆ ಸೋಮವಾರದ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಅವಳು ಓದಿದಳು: “ವಾರಿಜಾ ಮಿಸ್ ಮನೆ. ಇಟ್ಟದ್ದು ಹನ್ನೊಂದು. ಎಸೆದದ್ದು, ಬಸ್ ಟಿಕೆಟ್ಟು ಒಂದು.”